ಹಿಂದೆ ಸದ್ದಿದೆ ಸರ್

“ಸರ್, ಹಿಂದೆ ಹಿಟ್ಟಿನ ಗಿರಣಿ ಏನಾದ್ರೂ ಇದ್ಯಾ?”

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಲಿಫ್ಟ್ ಕಂಪನಿಯ ಹುಜೈಫಾ ಫೋನಿನಲ್ಲಿ ಹೀಗೆ ಕೇಳಿದಾಗ ನಾಗಭೂಷಣ ಹೌದು ಎಂದುಬಿಡಬಹುದಾಗಿತ್ತು. ಗಿರಣಿ ಮುಚ್ಚಿದ ಮೇಲೆ ರೆಕಾರ್ಡ್ ಮಾಡಿ ಕಳಿಸುತ್ತೇನೆ ಎಂದರೆ ಒಂದು ದಿನದ ವಾಯಿದೆಯಾದರೂ ಸಿಗುತ್ತಿತ್ತು. ಆದರೆ ನಿಜ ಹೇಳುವ ಚಟ ಇರುವವರಿಗೆ ಇಂಥ ಉಪಾಯಗಳು ಸಮಯಕ್ಕೆ ಹೊಳೆಯುವುದಿಲ್ಲ. ಅದು ತನ್ನ ಕಂಪ್ಯೂಟರಿನ ಫ್ಯಾನು ಎಂದು ಅವನು ಒಪ್ಪಿಕೊಂಡ.

“ಹಂಗಾದ್ರೆ ಫ್ಯಾನ್ ಸ್ಪೀಡು ಕಮ್ಮಿ ಮಾಡಿ ಸರ್, ಸೆಟ್ಟಿಂಗ್ಸಲ್ಲಿ ಇರುತ್ತೆ. ನಿಮ್ಮ ವಾಯ್ಸು ಚೆನ್ನಾಗಿದೆಯೋ ಇಲ್ವೋ ಅಂತ ಹೇಳ್ಬೇಕಂದ್ರೆ ಮೊದ್ಲು ಅದು ಕೇಳಿಸ್ಬೇಕಲ್ವಾ? ಇವತ್ತು ನಾಲ್ಕು ಗಂಟೆಗೆ ಲಾಸ್ಟು. ಆಮೇಲೆ ಬಂದಿದ್ದನ್ನ ನಮ್ಮ ಸಾಹೇಬ್ರು ಕೇಳಲ್ಲ.”

ನಾಗಭೂಷಣನ ಧ್ವನಿ ಚೆನ್ನಾಗಿತ್ತು. ಇದನ್ನು ಅವನೊಬ್ಬನೇ ಹೇಳುತ್ತಿದ್ದ ಅಂತಲ್ಲ, ಬೇರೆಯವರೂ ಒಂದಿಬ್ಬರು ಹೇಳಿದ್ದರು. ಯಶವಂತಪುರದ ಪಾರ್ಸೆಲ್ ಆಫೀಸೊಂದರಲ್ಲಿ ಹತ್ತೊಂಬತ್ತು ವರ್ಷ ಅವನು ಮೈಕಿನಲ್ಲಿ ಟೋಕನ್ ನಂಬರ್ ಕೂಗಿದ್ದ. ಅವನು ‘ನೂರಾ ನಲವತ್ತೇಳು’ ಎಂದು ಕರೆದರೆ ನೂರಾ ನಲವತ್ತೆಂಟರವರಿಗೂ ಎದ್ದು ಬರೋಣ ಅನ್ನಿಸುತ್ತಿತ್ತಂತೆ. ಕಳೆದ ವರ್ಷ ಆಫೀಸಿನವರು ಗೋಡೆಗೊಂದು ಯಂತ್ರ ತಗುಲಿಸಿದರು. ಅಂದಿನಿಂದ ನಂಬರುಗಳನ್ನು ಯಾರೋ ಕಾಣದ ಹೆಂಗಸು ಕೂಗುತ್ತಾಳೆ, ನಾಗಭೂಷಣ ಬಾಯಿ ಮುಚ್ಚಿಕೊಂಡು ರಸೀದಿ ಹರಿದು ಕೊಡುತ್ತಾನೆ. ಅವನಿಗೆ ನಿಜವಾಗಿ ನೋವಾಗಿತ್ತು. ಆದರೆ ಟೋಕನ್ ಕೂಗೋದು ತಪ್ಪಿಹೋಯಿತು ಅಂತ ಅಳುವ ಗಂಡಸನ್ನು ಯಾರು ತಾನೇ ಸಮಾಧಾನ ಮಾಡುತ್ತಾರೆ?

ಅಷ್ಟರಲ್ಲಿ ತಣಿಸಂದ್ರದ ಲಿಫ್ಟ್ ಕಂಪನಿಯೊಂದು ಕನ್ನಡದ ಧ್ವನಿ ಹುಡುಕುತ್ತಿದೆ ಎಂಬ ಸುದ್ದಿ ಬಂತು. ಆ ಕಡೆ ಏಳುತ್ತಿದ್ದ ಹೊಸ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು ಮಾತಾಡಬೇಕಾಗಿತ್ತು. ಗೋಡೆಯೊಳಗೆ ಕೂತು ಮಾತಾಡುವ ಸರದಿ ಇನ್ನು ತನ್ನದು ಎಂದು ನಾಗಭೂಷಣ ತೀರ್ಮಾನಿಸಿದ. ಎರಡು ಸಲ ರೆಕಾರ್ಡಿಂಗ್ ಕಳಿಸಿದ, ಎರಡು ಸಲವೂ ಹಿಂದೆ ಸದ್ದಿದೆ ಎಂದು ವಾಪಸು ಬಂತು. ಮೂರನೆಯದೇ ಕೊನೆಯದು.

ಅವನ ಕಂಪ್ಯೂಟರು ಎಸ್.ಪಿ. ರಸ್ತೆಯಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದು. ಅವನು ಸುಮ್ಮನಿದ್ದರೆ ಅದೂ ಸುಮ್ಮನಿರುತ್ತಿತ್ತು. ರೆಕಾರ್ಡಿಂಗ್ ಶುರುವಾಯಿತೋ, ಬಿಸಿಯೇರಿ ಫ್ಯಾನು ‘ವುಂಯ್’ ಎಂದು ಏಳುತ್ತಿತ್ತು. ಸ್ವಲ್ಪ ತಣ್ಣಗಾದರೆ ಕೂತುಕೊಳ್ಳುತ್ತಿತ್ತು, ಮತ್ತೆ ಏಳುತ್ತಿತ್ತು. ಒಂದೇ ಸಮನೆ ಸದ್ದು ಮಾಡಿದ್ದರೆ ಕಿವಿ ಹೇಗೋ ಒಗ್ಗಿಕೊಳ್ಳುತ್ತಿತ್ತು. ಈ ಏಳುಬೀಳು ಮಾತ್ರ ಸಹಿಸುವಂಥದ್ದಲ್ಲ.

ಸೆಟ್ಟಿಂಗ್ಸ್ ತೆರೆದು ನೋಡಿದರೆ ಒಂದು ಗೆರೆ, ಅದರ ಮೇಲೆ ಐದು ಚುಕ್ಕಿ. ಕಂಪ್ಯೂಟರು ಎಷ್ಟು ಬಿಸಿಯಾದಾಗ ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬುದನ್ನು ಆ ಚುಕ್ಕಿಗಳು ಹೇಳುತ್ತಿದ್ದವು. ಇಷ್ಟು ಸುಲಭದ ವಿಷಯಕ್ಕೆ ಇಷ್ಟು ದಿನ ಒದ್ದಾಡಿದೆನಲ್ಲ ಎಂದುಕೊಂಡು ನಾಗಭೂಷಣ ಐದನ್ನೂ ಹಿಡಿದು ತಳಕ್ಕೆ ಎಳೆದುಬಿಟ್ಟ. ಫ್ಯಾನು ನಿಂತೇ ಹೋಯಿತು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ.

“ಮೊದಲನೆಯ ಮಹಡಿ. ಬಾಗಿಲು ತೆರೆಯುತ್ತಿದೆ. ದಯವಿಟ್ಟು ಬಾಗಿಲಿನ ನಡುವೆ ನಿಲ್ಲಬೇಡಿ.”

ಒಂಬತ್ತನೆಯ ಮಹಡಿಗೆ ಬರುವಷ್ಟರಲ್ಲಿ ಕಂಪ್ಯೂಟರು ತಾನಾಗಿಯೇ ಆರಿಹೋಯಿತು. ಮುಟ್ಟಿದರೆ ದೋಸೆ ಹೆಂಚಿನ ಹಾಗಿತ್ತು.

“ಯಾಕ್ರೀ, ಲಿಫ್ಟು ಕೆಟ್ಟೋಯ್ತಾ?” ಎಂದು ಅಡುಗೆಮನೆಯಿಂದ ಹೆಂಡತಿ ಕಲಾವತಿ ವಿಚಾರಿಸಿದಳು.

ನಾಗಭೂಷಣ ಕೆಳಗಿನ ಅಕ್ಬರ್ ಪಾಷಾಗೆ ಫೋನು ಮಾಡಿದ. ವಿದ್ಯಾರಣ್ಯಪುರದ ಆ ಮನೆಯಲ್ಲಿ ನಾಗಭೂಷಣನದು ಮೊದಲನೇ ಮಹಡಿ. ಕೆಳಗೆ ಮನೆ ಯಜಮಾನಿ ಸುಬ್ಬಲಕ್ಷ್ಮಮ್ಮ, ಅವರ ಪಕ್ಕದ ಗ್ಯಾರೇಜಿನಲ್ಲಿ ಪಾಷಾನ ಮಿಕ್ಸಿ, ಮೋಟರು, ಫ್ಯಾನು ರಿಪೇರಿ ಅಂಗಡಿ. ಪಾಷಾ ಬರುವ ತನಕ ಅಭ್ಯಾಸವಾದರೂ ಆಗಲಿ ಎಂದು ನಾಗಭೂಷಣ ಮತ್ತೆ ಬಾಯಿಬಿಟ್ಟ. ಬಾಗಿಲಿನ ನಡುವೆ ದಯವಿಟ್ಟು ನಿಲ್ಲಬೇಡಿ ಎಂದು ಮೂರು ಸಲ ಹೇಳಿ ತಿರುಗಿ ನೋಡಿದರೆ, ಪಾಷಾ ಎರಡೂ ಕೈ ಚೌಕಟ್ಟಿಗೆ ಕೊಟ್ಟು ಬಾಗಿಲಿನ ನಡುವೆಯೇ ನಿಂತಿದ್ದ.

“ಒಳ್ಳೆ ವಾಯ್ಸು ಭೂಷಣ್ ಸಾಬ್. ಇನ್ನೊಂದ್ ಸಲ ಹೇಳಿ,” ಎಂದ.

“ನಿಂಗೆ ಕಂಪ್ಯೂಟರ್ ಫ್ಯಾನು ಗೊತ್ತಾ?”

“ಫ್ಯಾನ್ ಅಂದ್ರೆ ಫ್ಯಾನೇ ಸಾಬ್. ದೊಡ್ಡದು, ಚಿಕ್ಕದು, ಅಷ್ಟೇ ಡಿಫ್ರೆನ್ಸು.”

ಪಾಷಾ ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಬಿಚ್ಚಿದ. ಒಳಗೆ ನಾಲ್ಕು ವರ್ಷದ ಧೂಳು ಕಂಬಳಿಯಂತೆ ಕೂತಿತ್ತು. “ಇದಕ್ಕೆ ಉಸಿರು ಬಿಡೋಕೇ ಜಾಗ ಇಲ್ಲ, ಪಾಪ,” ಎಂದು ಡಬ್ಬವನ್ನು ಬಾಲ್ಕನಿಗೆ ಹೊತ್ತೊಯ್ದು, ಅಂಗಡಿಯಿಂದ ತಂದ ಬ್ಲೋಯರ್ ಹಿಡಿದ. ಧೂಳು ಒಂದು ಸಲಕ್ಕೇ ಎದ್ದು, ಬಾಲ್ಕನಿ ದಾಟಿ, ಅಂಗಳದಲ್ಲಿ ಸುಬ್ಬಲಕ್ಷ್ಮಮ್ಮನವರು ಹಳೇ ಸೀರೆಯ ಮೇಲೆ ಇಟ್ಟಿದ್ದ ಸಂಡಿಗೆಯ ಮೇಲೆ ಇಳಿಯಿತು.

“ಯಾವನ್ಲಾ ಅದು ಮ್ಯಾಲಿಂದ ಬೂದಿ ಸುರಿಯೋನು?”

ಆ ಲೇಔಟು ಹುಟ್ಟುವ ಮೊದಲು ಅಲ್ಲಿ ಸುಬ್ಬಲಕ್ಷ್ಮಮ್ಮನವರ ಹೊಲ ಇತ್ತು. ಹೊಲದ ಈ ಬದಿಯಿಂದ ಆ ಬದಿಗೆ ಆಳುಗಳನ್ನು ಕರೆಯುತ್ತಿದ್ದ ಗಂಟಲು, ಈಗ ಮೂವತ್ತು ನಲವತ್ತರ ಸೈಟಿನೊಳಗೆ ಕೆಲಸ ಮಾಡುತ್ತಿತ್ತು. ಪಾಷಾ ತಟ್ಟನೆ ಕೂತುಕೊಂಡ. ಹಾಗಾಗಿ ಬಾಲ್ಕನಿಯಲ್ಲಿ ಕಂಡವನು ನಾಗಭೂಷಣ ಒಬ್ಬನೇ.

ಮುಂದಿನ ಎರಡು ಗಂಟೆ ಅವನು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸಂಡಿಗೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿದ. ಇನ್ನೂರಕ್ಕಿಂತ ಹೆಚ್ಚೇ ಇದ್ದವು. ನಾಲ್ಕು ಗಂಟೆಗೆ ಗಡುವಿದೆ ಎಂದು ಹೇಳಿ ನೋಡಿದ. “ಸಂಡ್ಗೆಗೂ ಬಿಸ್ಲು ಓಗೋಗಂಟ ಗಡುವೈತೆ, ಒರ್ಸು,” ಎಂದು ಸುಬ್ಬಲಕ್ಷ್ಮಮ್ಮ ಕುರ್ಚಿ ಹಾಕಿಕೊಂಡು ಕೂತರು.

ಮೇಲೆ ಬರುವ ವೇಳೆಗೆ ಒಂದೂವರೆ. ಪಾಷಾ ಅಷ್ಟರಲ್ಲಿ ತನ್ನದೇ ಬುದ್ಧಿ ಓಡಿಸಿ, ತೆರೆದ ಡಬ್ಬದ ಎದುರಿಗೆ ಒಂದು ಟೇಬಲ್ ಫ್ಯಾನು ನಿಲ್ಲಿಸಿ, ಪೂರ್ತಿ ಜೋರಿಗೆ ಇಟ್ಟಿದ್ದ. “ಒಳಗಿನ ಫ್ಯಾನು ಈಗ ಏಳೋದೇ ಇಲ್ಲ ಸಾಬ್,” ಎಂದ. ಅದು ಏಳುತ್ತಿರಲಿಲ್ಲ, ನಿಜ. ನಾಗಭೂಷಣ ಎರಡು ಸಾಲು ಹೇಳಿ ಹುಜೈಫಾಗೆ ಕಳಿಸಿದ.

“ಗಿರಣಿ ಹೋಗಿದೆ ಸರ್. ಹೆಲಿಕಾಪ್ಟರ್ ಬಂದಿದೆ,” ಎಂದು ಉತ್ತರ ಬಂತು.

ಟೇಬಲ್ ಫ್ಯಾನನ್ನು ದೂರ ಇಟ್ಟು ನೋಡಿದ, ದಿಂಬು ಅಡ್ಡ ಇಟ್ಟು ನೋಡಿದ. ಅಷ್ಟರಲ್ಲಿ ಇಡೀ ಮನೆಯ ಕರೆಂಟು ಹೋಯಿತು. ಬಗ್ಗಿ ನೋಡಿದರೆ ಸುಬ್ಬಲಕ್ಷ್ಮಮ್ಮ ಮೀಟರ್ ಬೋರ್ಡಿನ ಎದುರು ನಿಂತಿದ್ದರು.

“ಸಂಪಲ್ಲಿ ನೀರಿಲ್ಲ, ಮೋಟ್ರು ಗುರ್ರಂತ ಓಡ್ತಾನೇ ಐತೆ. ಸುಟ್ಟೋದಾತು ಅಂತ ಮೈನು ಆರಿಸ್ದೆ.”

“ಅದು ಮೋಟರಲ್ಲಮ್ಮ, ನಮ್ಮನೆ ಫ್ಯಾನು.”

“ಫ್ಯಾನು ಯಾಕಪ್ಪ ಮೋಟ್ರಂಗೆ ಬಡ್ಕಂತದೆ? ಚಿಕ್ಕದು ಮಾಡ್ಬಾರ್ದಾ?”

ಬೆಳಿಗ್ಗೆಯಿಂದ ನಾಗಭೂಷಣ ಮಾಡುತ್ತಿದ್ದುದು ಅದನ್ನೇ. ಮೋಟರನ್ನು ಮುಟ್ಟಿ ನೋಡಿ ನಂಬಿಕೆ ಬರುವ ತನಕ ಅಮ್ಮ ಮೈನು ಹಾಕಲಿಲ್ಲ. ಪಾಷಾ ತನ್ನ ಟೇಬಲ್ ಫ್ಯಾನನ್ನು ಬಗಲಿಗೆ ಹಾಕಿಕೊಂಡು, ಗಿರಾಕಿ ಬಂದಿದ್ದಾರೆ ಎಂದು ಇಳಿದುಹೋದ. ಕರೆಂಟು ಬಂದಾಗ ಎರಡೂ ಮುಕ್ಕಾಲು. ನಾಗಭೂಷಣ ಅಡುಗೆಮನೆಯ ಹೊಸಿಲಲ್ಲಿ ಕೂತು, “ಬಿಟ್ಬಿಡ್ತೀನಿ ಕಲಾ. ಗೋಡೇಲಿ ಮಾತಾಡೋ ಯೋಗ ನನ್ಗಿಲ್ಲ,” ಎಂದ. ಹೇಳುವಾಗ ಅವನ ಗಂಟಲು ಸಣ್ಣಗೆ ನಡುಗಿತು. ಅದೂ ಕೇಳಲು ಚೆನ್ನಾಗಿಯೇ ಇತ್ತು.

ಕಲಾವತಿ ಹಾಲು ಕಾಯಿಸುತ್ತಿದ್ದಳು. ಒಲೆ ಸಣ್ಣಗೆ ಮಾಡಿ ಬಂದು ಪರದೆಯ ಮೇಲಿನ ಚುಕ್ಕಿಗಳನ್ನು ನೋಡಿ, ಏನಿದು ಎಂದು ಕೇಳಿ ತಿಳಿದುಕೊಂಡಳು.

“ಅಲ್ಲಾ ರೀ, ಹಾಲು ಉಕ್ತು ಅಂತ ಗ್ಯಾಸ್ ಆರಿಸೋದು, ಇಳೀತು ಅಂತ ಮತ್ತೆ ಜೋರು ಮಾಡೋದು. ಹಿಂಗ್ ಮಾಡಿದ್ರೆ ಒಲೆ ಮುಂದೆ ಕುಣೀತಾನೇ ಇರ್ಬೇಕು. ಒಂದೇ ಸಮ ಸಿಮ್ಮಲ್ಲಿಡಿ. ಪೂರ್ತಿ ಆರಿಸ್ಲೂಬೇಡಿ, ಪೂರ್ತಿ ಏರಿಸ್ಲೂಬೇಡಿ.”

ನಾಗಭೂಷಣ ಮೊದಲ ಮೂರು ಚುಕ್ಕಿಗಳನ್ನು ಒಂದೇ ಮಟ್ಟಕ್ಕೆ, ನಲವತ್ತು ಪರ್ಸೆಂಟಿಗೆ ತಂದು ನಿಲ್ಲಿಸಿದ. ತೀರಾ ಬಿಸಿಯಾದರೆ ಮಾತ್ರ ಮೆಲ್ಲಗೆ ಏರಲಿ ಎಂದು ಉಳಿದೆರಡನ್ನು ಇಳಿಜಾರಾಗಿ ಇಟ್ಟ. ಧೂಳು ಹೋಗಿದ್ದರಿಂದ ಗಾಳಿ ಸಲೀಸಾಗಿ ಓಡಾಡುತ್ತಿತ್ತು. ಅರ್ಧ ಗಂಟೆ ಕಾದು ನೋಡಿದರೆ ಬಿಸಿ ಐವತ್ತೆಂಟು ಡಿಗ್ರಿಗೆ ಏರಿ ಅಲ್ಲೇ ನಿಂತಿತ್ತು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ಕಾಗದದ ಚೂರು ಹಿಡಿದು ನೋಡಬೇಕಾಯಿತು. ಅವನಿಗೆ ಹೆಂಡತಿಯ ಕಾಲು ಹಿಡಿಯೋಣ ಅನ್ನಿಸಿತು, ಆದರೆ ಹೊತ್ತಿರಲಿಲ್ಲ.

ಮೂರೂ ನಲವತ್ತಕ್ಕೆ ಕಿಟಕಿಯ ಪಕ್ಕದ ಮೇಜಿನೆದುರು ಕೂತು ರೆಕಾರ್ಡಿಂಗ್ ಒತ್ತಿದ. ಮನೆಯಲ್ಲಿ ಆ ಮಟ್ಟದ ನಿಶ್ಶಬ್ದವನ್ನು ಅವನು ಕೇಳಿದ್ದೇ ಇಲ್ಲ. ಮೊದಲನೆಯ ಮಹಡಿ, ಎರಡನೆಯ ಮಹಡಿ, ಬಾಗಿಲು ತೆರೆಯುತ್ತಿದೆ, ಬಾಗಿಲು ಮುಚ್ಚುತ್ತಿದೆ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಬಂತು. ಹದಿನಾರನೆಯ ಮಹಡಿ ಮುಗಿಸಿ ಹದಿನೇಳಕ್ಕೆ ಉಸಿರು ತೆಗೆದುಕೊಂಡಾಗ, ಕೆಳಗೆ ಪಾಷಾ ಇಬ್ಬರು ಗಿರಾಕಿಗಳೊಂದಿಗೆ ಗೇಟು ಅರ್ಧ ತೆರೆದು ಹಿಡಿದುಕೊಂಡು ಮಿಕ್ಸಿಯ ವಿಚಾರ ಮಾತಾಡುತ್ತಿದ್ದ.

“ಬರೋರು ಒಳೀಕ್ ಬನ್ನಿ, ಓಗೋರು ಈಚೆಗ್ ಓಗಿ. ನಡುಮಧ್ಯ ನಿಂತ್ಕಂಡು ಗೇಟ್ ಇಡ್ಕಬ್ಯಾಡಿ.”

ಸುಬ್ಬಲಕ್ಷ್ಮಮ್ಮನವರ ಧ್ವನಿ ಕಿಟಕಿಯಿಂದ ಬಂದು ನೇರವಾಗಿ ಮೈಕಿಗೆ ಹೋಯಿತು. ಗೇಟು ಮುಚ್ಚಿದ ಸದ್ದೂ ಕೇಳಿಸಿತು. ನಾಗಭೂಷಣ ಹಲ್ಲು ಕಚ್ಚಿಕೊಂಡು ಕಾದು, ಹದಿನೇಳನ್ನು ಇನ್ನೊಮ್ಮೆ ಹೇಳಿ ಮುಂದುವರಿದ. ಇಪ್ಪತ್ತನಾಲ್ಕು ಮಹಡಿ ಮುಗಿದಾಗ ನಾಲ್ಕಕ್ಕೆ ಎರಡೇ ನಿಮಿಷ. ಆ ಭಾಗ ಕತ್ತರಿಸುವಷ್ಟು ಹೊತ್ತಿಲ್ಲ. ‘ನಡುವೆ ಒಬ್ಬ ಹೆಂಗಸಿನ ಧ್ವನಿ ಇದೆ, ದಯವಿಟ್ಟು ಗಮನಿಸಬೇಡಿ’ ಎಂದು ಬರೆದು ಕಳಿಸಿಬಿಟ್ಟ.

ಐದು ಗಂಟೆಗೆ ಹುಜೈಫಾ ಫೋನು ಮಾಡಿದ.

“ಸರ್, ಫ್ಯಾನ್ ಸದ್ದು ಸೊನ್ನೆ. ಹೆಂಗ್ ಮಾಡಿದ್ರಿ?”

ನಾಗಭೂಷಣ ಐದು ಚುಕ್ಕಿಗಳ ವಿಚಾರ ವಿವರವಾಗಿ ಹೇಳಿದ. ಹಾಲಿನ ಮಾತನ್ನು ತನ್ನದೆಂದೇ ಹೇಳಿದ.

“ಸೂಪರ್ ಸರ್. ಸಾಹೇಬ್ರು ಪೂರ್ತಿ ಕೇಳಿದ್ರು. ವಾಯ್ಸು ಸೆಲೆಕ್ಟ್ ಆಗಿದೆ.”

ನಾಗಭೂಷಣ ಎದ್ದು ನಿಂತ. ಕಲಾವತಿಯ ಕಡೆ ನೋಡಿ ತಲೆಯಾಡಿಸಿದ. ಅವಳು ಡಬ್ಬಿಯಿಂದ ಸಕ್ಕರೆ ತೆಗೆದು ಅವನ ಬಾಯಿಗೆ ಹಾಕಿದಳು.

“ಹದಿನೇಳನೇ ಮಹಡಿ ಹತ್ರ ಬರುತ್ತಲ್ಲ ಸರ್, ಆ ವಾಯ್ಸು. ಅವರ ನಂಬರ್ ಕೊಡಿ.”

ನಾಗಭೂಷಣ ಸಕ್ಕರೆ ನುಂಗಿದ. “ಅದನ್ನ ಗಮನಿಸಬೇಡಿ ಅಂತ ಬರೆದಿದ್ನಲ್ಲಪ್ಪಾ.”

“ಅದಕ್ಕೇ ಸರ್ ಎರಡು ಸಲ ಕೇಳಿದ್ವಿ. ನೋಡಿ, ನಮ್ಮ ಲಿಫ್ಟಲ್ಲಿ ಇರೋ ದೊಡ್ಡ ಪ್ರಾಬ್ಲಮ್ಮೇ ಇದು. ಜನ ಬಾಗ್ಲಿಗೆ ಕೈ ಕೊಟ್ಕೊಂಡು ಮಾತಾಡ್ತಾ ನಿಂತ್ಬಿಡ್ತಾರೆ. ದಯವಿಟ್ಟು ಅಂದ್ರೆ ಯಾರೂ ಅಲ್ಲಾಡಲ್ಲ. ಆ ಅಮ್ಮ ಕೂಗಿದ ತಕ್ಷಣ ಬಾಗ್ಲಲ್ಲಿ ನಿಂತಿದ್ದ ನಮ್ಮ ಸಾಹೇಬ್ರೇ ಒಳಗ್ ಬಂದ್ಬಿಟ್ರು.”

“ಮತ್ತೆ ನಂದು?”

“ನಿಮ್ದೂ ಈ ಸಲ ತುಂಬಾ ಕ್ಲಿಯರಾಗಿ ಕೇಳಿಸ್ತು ಸರ್. ಅದಕ್ಕೇ ಡಿಸೈಡ್ ಮಾಡೋದು ಸುಲಭ ಆಯ್ತು. ಅಮ್ಮನ್ನ ಇವತ್ತೇ ಕೂರಿಸಿ ರೆಕಾರ್ಡ್ ಮಾಡ್ಬಿಡಿ. ನಿಮ್ಮ ಕಂಪ್ಯೂಟರಲ್ಲೇ ಆಗ್ಲಿ, ಅಷ್ಟು ಸೈಲೆಂಟಾಗಿ ನಮ್ಮ ಸ್ಟುಡಿಯೋನೂ ಇಲ್ಲ.”

ಆರು ಗಂಟೆಗೆ ಸುಬ್ಬಲಕ್ಷ್ಮಮ್ಮ ಹೂ ಮುಡಿದು ಮೇಲೆ ಬಂದರು. ನಾಗಭೂಷಣ ಬರೆದುಕೊಟ್ಟ ಕಾಗದವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಫ್ಲೋರು ಎಂದದ್ದಕ್ಕೆ ಮಹಡಿ ಅನ್ನಬೇಕು ಎಂದು ಅವನು ತಿದ್ದಿದಾಗ, “ಫ್ಲೋರು ಅಂದ್ರೆ ಯಾರ್ಗೆ ತಿಳಿಯಕ್ಕಿಲ್ಲ?” ಎಂದು ಕೇಳಿ, ಅವನ ಕುರ್ಚಿಯಲ್ಲಿ ಕೂತು ಶುರುಮಾಡಿದರು. ಅವನು ಪಕ್ಕದಲ್ಲಿ ನಿಂತು ಬಟನ್ ಒತ್ತಿದ. ಮೊದಲ ಐದು ಮಹಡಿ ಕಳಿಸಿದ ಎರಡೇ ನಿಮಿಷಕ್ಕೆ ಹುಜೈಫಾನ ಉತ್ತರ ಬಂತು.

‘ಫ್ಯಾನ್ ಓಕೆ ಸರ್. ಪಕ್ಕದಲ್ಲಿ ಯಾರೋ ಉಸಿರಾಡೋದು ಕೇಳಿಸ್ತಿದೆ. ಅದೊಂದು ಕಮ್ಮಿ ಮಾಡಿ.’

ನಾಗಭೂಷಣ ಕಲಾವತಿಗೆ ಬಟನ್ ತೋರಿಸಿಕೊಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದು ಮೆಟ್ಟಿಲಿನ ಮೇಲೆ ನಿಂತ. ಒಳಗೆ ಕಂಪ್ಯೂಟರು ಸದ್ದಿಲ್ಲದೆ ತಣ್ಣಗಿತ್ತು. ಮುಚ್ಚಿದ ಬಾಗಿಲಿನಾಚೆಯಿಂದ ಧ್ವನಿ ಸ್ಪಷ್ಟವಾಗಿ ಬಂತು.

“ಆರ್ನೇ ಫ್ಲೋರು. ಇಳಿಯೋರು ಇಳೀರಿ. ಸುಮ್ಕೆ ನಿಂತ್ಕಬ್ಯಾಡಿ.”

ನಾಗಭೂಷಣ ಸರಸರನೆ ಇಳಿದು, ಅಂಗಳ ದಾಟಿ, ಗೇಟಿನವರೆಗೂ ಹೋದ. ಅಲ್ಲಿ ನಿಂತ ಮೇಲೆ, ಇಳಿಯಿರಿ ಎಂದು ಅಮ್ಮ ಹೇಳಿದ್ದು ಲಿಫ್ಟಿನವರಿಗೆ, ತನಗಲ್ಲವಲ್ಲ ಎಂಬುದು ಅವನಿಗೆ ಹೊಳೆಯಿತು.