ಚಹಾ ಕುಡಿದು ಹೋದ ಸಾಹೇಬರ ಸನ್ನಿಧಿಗೆ

ಅಂಗವಿಕಲರ ಮಾಸಾಶನದ ಪರಿಶೀಲನೆಗೆಂದು ನಮ್ಮ ಓಣಿಗೆ ದಯಮಾಡಿಸಿದ್ದ ಮಾನ್ಯ ಸಾಹೇಬರೇ,

ನಾಲತವಾಡದಿಂದ ಸಗೀರಾ ಮಶಾಕಸಾಬ ನದಾಫಳ ಸಾವಿರ ಸಲಾಮು. ಎರಡೂ ಕಾಲುಗಳನ್ನು ಪೋಲಿಯೊಗೆ ಒಪ್ಪಿಸಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಜಂಪರು ಹೊಲಿಯುವ ನನ್ನನ್ನು ತಾವು ಮರೆತಿರಬಹುದು, ಆದರೆ ನಮ್ಮ ಮನೆಯಲ್ಲಿ ತಿಂದ ಶೇಂಗಾ ಹೋಳಿಗೆಯನ್ನು ಮರೆತಿರಲಾರಿರಿ ಎಂಬ ಧೈರ್ಯದಿಂದ ಈ ಪತ್ರವನ್ನು ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ನಾನು ಅರ್ಜಿಯಲ್ಲಿ ಕೇಳಿದ್ದು ಇಷ್ಟೇ: ಮಾಸಾಶನ ಹನ್ನೊಂದನೆಯ ತಾರೀಖಿಗೆ ತೀರಿಹೋಗುತ್ತದೆ, ದಯಮಾಡಿ ಹೆಚ್ಚಿಸಿರಿ. ಹೆಣ್ಣುಮಕ್ಕಳಿಗೆ ಬಸ್ಸು ಫುಕಟ್ ಆಗಿರುವುದು ನಿಜ, ಆದರೆ ಅದರ ಮೆಟ್ಟಿಲು ನೆಲದ ಮೇಲೆ ತೆವಳುವ ನನ್ನ ಎದೆಮಟ್ಟಕ್ಕಿರುವುದರಿಂದ, ಮುದ್ದೇಬಿಹಾಳದ ದವಾಖಾನೆಗೆ ನಾನು ಬಾಡಿಗೆ ಆಟೋದಲ್ಲೇ ಹೋಗಬೇಕು. ಎರಡು ಸಲ ಹೋಗಿಬಂದರೆ ಮಾಸಾಶನ ಖಲ್ಲಾಸ್. ಉಳಿದ ಹತ್ತೊಂಬತ್ತು ದಿನ ನನ್ನ ಕಾಲುಗಳು ನೆಟ್ಟಗಾಗಿರುತ್ತವೆ ಎಂದು ಸರಕಾರ ತಿಳಿದಿರಬೇಕು.

ಅರ್ಜಿ ನೋಡಿ, ನನ್ನ ಬಡತನವನ್ನು ಖುದ್ದು ಪರೀಕ್ಷಿಸಲು ತಾವು ಬರುತ್ತೀರೆಂಬ ಸುದ್ದಿ ಮುಟ್ಟಿದ್ದೇ ತಡ, ನಮ್ಮ ಓಣಿಯವರ ಬುದ್ಧಿ ಕೆಟ್ಟಿತು. ಪಕ್ಕದ ಮನೆಯ ಶೆಟ್ಟೆವ್ವ, "ಸಾಹೇಬ್ರು ಬರಾಕತ್ತಾರ, ಬರೇ ನೆಲದಾಗ ಕುಂಡ್ರಸ್ತೀರೇನ? ಓಣಿ ಮರ್ಯಾದಿ ಏನಾಗಬೇಕು?" ಎಂದು ಗದರಿ, ತನ್ನ ಎರಡು ಕುರ್ಚಿಗಳನ್ನೂ ಮಗಳ ನಿಶ್ಚಯಕ್ಕೆಂದು ಮಾಡಿದ್ದ ಹೋಳಿಗೆಯನ್ನೂ ತಂದಿಟ್ಟಳು. ಎದುರಂಗಡಿಯ ಜುಲ್ಫಿಕರಣ್ಣ ಟೇಬಲ್ ಫ್ಯಾನು ಹೊತ್ತು ತಂದ. ತಾವು ಆ ಗಾಳಿಯಲ್ಲಿ ಕುಳಿತು ನಾಲ್ಕು ಹೋಳಿಗೆ ತಿಂದು, ಎರಡು ಸಲ ಚಹಾ ಕುಡಿದು, ನಮ್ಮವ್ವನನ್ನು "ಹ್ಯಾಂಗ ನಡದೈತ್ರಿ ಅಮ್ಮಾ ಜೀವನ?" ಎಂದು ಕೇಳಿದಿರಿ. ಆಕೆ, "ನಿಮ್ಮ ದುವಾದಿಂದ ಎಲ್ಲಾ ಆರಾಮ ಐತ್ರಿ ಸಾಹೇಬ್ರ" ಅಂದಳು. ಸಲಾಯಿನ್ ಹಚ್ಚಿಕೊಂಡು ಮಲಗಿದವರೂ ನಮ್ಮ ಕಡೆ ಹಾಗೆಯೇ ಹೇಳುತ್ತಾರೆ.

ತಾವು ಅದನ್ನು ಬರೆದುಕೊಂಡಿರಿ! ಕುರ್ಚಿ ಎರಡು, ಫ್ಯಾನು ಒಂದು, ಸಿಹಿ ಪದಾರ್ಥ ಧಾರಾಳ, ಎಲ್ಲಾ ಆರಾಮವೆಂದು ತಾಯಿಯೇ ಹೇಳಿಕೆ ನೀಡಿದ್ದಾರೆ ಎಂಬ ತಮ್ಮ ವರದಿಯಲ್ಲಿರುವಷ್ಟು ಸುಖವಾದ ಮನೆಯನ್ನು ನಾನು ಇಲ್ಲಿಯವರೆಗೆ ಎಲ್ಲಿಯೂ ಕಂಡಿಲ್ಲ; ಅಲ್ಲೇ ಹೋಗಿ ಇರೋಣವೆನಿಸುತ್ತದೆ. ಹೆಚ್ಚಿಗೆ ಕೇಳಿದವಳಿಗೆ ಇದ್ದದ್ದೂ ನಿಂತು ಮೂರು ತಿಂಗಳಾಯಿತು. ತನ್ನ ಬಾಯಿಂದಲೇ ಮಗಳ ಅನ್ನ ಹೋಯಿತೆಂದು ನಮ್ಮವ್ವ ಒಂದು ಹೊತ್ತಿನ ಊಟ ಬಿಟ್ಟಿದ್ದಾಳೆ. ಇದೊಂದಕ್ಕೆ ಮಾತ್ರ ನನಗೆ ತಮ್ಮ ಮೇಲೆ ಕೆಂಡದಂಥ ಸಿಟ್ಟಿದೆ, ಕ್ಷಮಿಸಬೇಕು.

ಆದಕಾರಣ ವಿನಂತಿ. ಮಾಸಾಶನವನ್ನು ಮೊದಲು ತಿರುಗಿ ಕೊಟ್ಟು, ಮೂವತ್ತು ದಿನ ಉಣ್ಣುವಷ್ಟು ಹೆಚ್ಚಿಸಿರಿ. ಅದು ಕಷ್ಟವಾದರೆ ನನ್ನ ಅಂಗವಿಕಲತೆಯನ್ನೇ ತಿಂಗಳಿಗೆ ಹನ್ನೊಂದು ದಿನಕ್ಕೆ ಇಳಿಸಿ ಆದೇಶ ಹೊರಡಿಸಿರಿ, ಉಳಿದ ದಿನ ಕೂಲಿಗೆ ನಡೆದುಕೊಂಡು ಹೋಗುತ್ತೇನೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯಲ್ಲಿ ನನ್ನಂತೆ ಅರ್ಜಿ ಹಾಕಿದವರಿಗೂ ಈ ಪತ್ರದ ಪ್ರತಿ ಕಳಿಸಿ, ಸಾಹೇಬರು ಬಂದರೆ ನೀರು ಕೂಡ ಕೊಡಬೇಡಿರೆಂದು ತಿಳಿಸಿದ್ದೇನೆ. ಕೊಡದೆ ಇರುವುದು ಅವರಿಂದಲೂ ಆಗಲಿಕ್ಕಿಲ್ಲ ಎಂಬ ಚಿಂತೆ ನನಗಿದೆ.

ತಮ್ಮ ವರದಿಯಲ್ಲಿ ಮಾತ್ರ ಆರಾಮವಾಗಿರುವ,
ತಮ್ಮ ವಿಶ್ವಾಸಿ,
ಸಗೀರಾ

ತಾ.ಕ.: ಮಾಸಾಶನ ನಿಲ್ಲಿಸಿದ್ದರ ವಿರುದ್ಧ ನಾನು ಹಾಕಿದ್ದ ಮೇಲ್ಮನವಿಯ ವಿಚಾರಣೆಗೆ ಬರುವ ಸೋಮವಾರ ಎರಡನೆಯ ಮಹಡಿಯ ತಮ್ಮ ಕೋಣೆಗೆ ಖುದ್ದು ಹಾಜರಾಗಬೇಕೆಂಬ ನೋಟಿಸು ತಲುಪಿತು. ಲಿಫ್ಟ್ ಇಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಹತ್ತಿ ಬಂದರೆ ನಾನು ಅಂಗವಿಕಲಳಲ್ಲ ಎನ್ನುತ್ತೀರಿ, ಬಾರದಿದ್ದರೆ ಗೈರುಹಾಜರಿ ಹಾಕುತ್ತೀರಿ. ಆದ್ದರಿಂದ ಅಂದು ಮುಂಜಾನೆಯಿಂದಲೇ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಅಡ್ಡಲಾಗಿ ಕೂತಿರುತ್ತೇನೆ. ಊಟದ ಹೊತ್ತಿಗಾದರೂ ತಾವು ಇಳಿಯಲೇಬೇಕಲ್ಲ.