ಮೂರು ಹೋಳಾದ ಕಾದಂಬರಿ

ಪೂರ್ಣವಿರಾಮ ಅನ್ನುವ ಆ ಪುಟ್ಟ ಚುಕ್ಕೆಗೆ ನಾನು ಹುಟ್ಟಿದಾಗಿನಿಂದ ಮರ್ಯಾದೆ ಕೊಟ್ಟವನಲ್ಲ. ಅದು ಹೀಗೆ ಸೇಡು ತೀರಿಸಿಕೊಳ್ಳುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನಾನು ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ವಿಭಾಗದ ಗುಮಾಸ್ತ. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ನೆಮ್ಮದಿಯಾಗಿದ್ದೆ. ಒಂದು ಮಧ್ಯಾಹ್ನ ನಮ್ಮ ಸಾಹೇಬರು ಇಟ್ಟಿಗೆ ಗಾತ್ರದ ಕಾದಂಬರಿಯೊಂದನ್ನು ಓದುತ್ತಿದ್ದರು. ನಾನು ಸುಮ್ಮನಿರಬಾರದಿತ್ತಾ? "ಓಹೋ, ಇದಾ ಸಾರ್! ಇದನ್ನು ಓದದವನೂ ಒಬ್ಬ ಮನುಷ್ಯನೇ?" ಅಂದುಬಿಟ್ಟೆ. (ಕಚೇರಿಯಲ್ಲಿ ಬಡ್ತಿಯ ಮಾತು ಓಡಾಡುತ್ತಿತ್ತು, ಅದಕ್ಕೆ.)

ಸಾಹೇಬರಿಗೆ ಕಣ್ಣಾಲಿ ತುಂಬಿ ಬಂತು. "ಇದರ ಬಗ್ಗೆ ಮಾತಾಡೋಕೆ ಇಲ್ಲಿ ಒಂದು ನರಪಿಳ್ಳೆ ಇಲ್ಲ ಅಂದ್ಕೊಂಡಿದ್ದೆ! ತಗೊಳ್ಳಿ, ಇನ್ನೊಂದ್ಸಲ ಓದಿ. ಭಾನುವಾರ ನಿಮ್ಮನೆಗೇ ಬರ್ತೀನಿ, ಚರ್ಚೆ ಮಾಡೋಣ."

ಮನೆಗೆ ಬಂದು ಕೂತೆ. ಮೊದಲ ವಾಕ್ಯ ಶುರುವಾಯಿತು. ಪುಟ ತಿರುಗಿಸಿದೆ, ಅದೇ ವಾಕ್ಯ. ಸ್ನಾನ ಮುಗಿಸಿ ಬಂದೆ, ಇನ್ನೂ ಅದೇ ವಾಕ್ಯ! ಯಾರೋ ಒಬ್ಬ ಕಿಟಕಿ ತೆರೆಯಲು ಎದ್ದಿದ್ದಾನೆ. ಅವನ ಕೈ ಚಿಲಕ ಮುಟ್ಟುವಷ್ಟರಲ್ಲಿ ಅವನ ಬಾಲ್ಯ, ಅವನ ಅಜ್ಜನ ಮದುವೆ, ಆ ಅಜ್ಜನ ಹಲ್ಲುನೋವು ಎಲ್ಲಾ ಬಂದುಹೋದವು. ಕಿಟಕಿ ಮಾತ್ರ ತೆರೆಯಲಿಲ್ಲ. ಉಸಿರು ಕಟ್ಟಿದ್ದು ನನಗೆ. ಪ್ರಯೋಗಶೀಲ ಕಾದಂಬರಿಯಂತೆ, ಪ್ರಯೋಗ ನಡೆದದ್ದು ನನ್ನ ಮೇಲೆ.

ಶುಕ್ರವಾರ ನನಗೊಂದು ಮಹೋಪಾಯ ಹೊಳೆಯಿತು. ಬ್ರೆಡ್ ಕೊಯ್ಯುವ ಚಾಕು ತಂದು ಕಾದಂಬರಿಯನ್ನು ಮೂರು ಹೋಳು ಮಾಡಿದೆ. ಮೊದಲನೆಯದು ಹೆಂಡತಿಗೆ, ನಡುವಿನದು ಮಗಳಿಗೆ, ಕೊನೆಯದು ಅತ್ತೆಗೆ. "ಓದಿ ನನಗೆ ಸಾರಾಂಶ ಒಪ್ಪಿಸಿ. ಆಮೇಲೆ ಅಂಟಿಸಿದ್ರಾಯ್ತು."

"ನೀವೇನು ಮಾಡ್ತೀರಿ?" ಅಂದಳು ಹೆಂಡತಿ.

"ಮೇಲ್ವಿಚಾರಣೆ."

ಶನಿವಾರ ನಮ್ಮ ಮನೆಯಲ್ಲಿ ಒಲೆ ಹತ್ತಲಿಲ್ಲ.

"ಅವನು ಹೆಂಡ್ತೀನ ಬಿಟ್ಟು ಓಡಿಹೋಗೋ ಪುಕ್ಕಲ. ಕಿಟಕಿ ಬರೀ ನೆಪ," ಅಂತ ಹೆಂಡತಿ.

"ಅಮ್ಮಾ, ಕಿಟಕೀನೇ ಇಲ್ಲ, ಅದು ಅವನ ಕಲ್ಪನೆ," ಅಂತ ಮಗಳು.

"ಸುಮ್ನಿರ್ರೇ, ನನ್ನ ಭಾಗದಲ್ಲಿ ಅವನು ಸತ್ತು ವರ್ಷ ಆಗಿದೆ," ಅಂದರು ಅತ್ತೆ. "ಆದ್ರೂ ಮಾತಾಡ್ತಾನೇ ಇದಾನೆ. ನಮ್ಮ ಯಜಮಾನ್ರು ಬದುಕಿದ್ದಾಗಲೂ ಇಷ್ಟು ಬಾಯಿ ಬಿಟ್ಟವರಲ್ಲ."

"ನನ್ನ ಸಾರಾಂಶ?" ಅಂದೆ.

"ಶ್!" ಅಂದರು ಮೂವರೂ. ಆಗಲೇ ಹೋಳುಗಳ ಅದಲುಬದಲು ನಡೆದಿತ್ತು.

ಭಾನುವಾರ ಸಾಹೇಬರು ಆಗಮಿಸಿದರು. ನಾನು ಗಂಟಲು ಸರಿಮಾಡಿಕೊಂಡು, ಕಿವಿಗೆ ಬಿದ್ದಿದ್ದನ್ನೆಲ್ಲ ಒಟ್ಟು ಹೊಲಿದು, "ಇದರಲ್ಲಿ ಕಿಟಕಿ ಅನ್ನೋದು, ಸಾರ್, ಸತ್ತ ಪುಕ್ಕಲನ ಓಡಿಹೋದ ಕಲ್ಪನೆ" ಅಂದೆ.

"ನಾನು ಹಾಗಂದ್ನಾ?" ಅಂತ ಒಳಗಿನಿಂದ ಹೆಂಡತಿ ನುಗ್ಗಿದಳು, ಕೈಯಲ್ಲೊಂದು ಹೋಳು. ಬೆನ್ನಿಗೇ ಮಗಳು, ಇನ್ನೊಂದು ಹೋಳು. ಅವಳ ಹಿಂದೆ ಕನ್ನಡಕ ಏರಿಸಿಕೊಂಡು ಅತ್ತೆ.

ಸಾಹೇಬರು ತಮ್ಮ ಪುಸ್ತಕದ ದುರವಸ್ಥೆ ನೋಡಿದರು. ನನ್ನ ಮುಖ ನೋಡಿದರು.

"ಕೊಯ್ದಿದ್ದು ಇವರೇ," ಅಂದಳು ನನ್ನ ಧರ್ಮಪತ್ನಿ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅತ್ತೆ, "ಅದು ಹಾಳಾಗ್ಲಿ ಸಾಹೇಬ್ರೇ, ಅವನು ಸತ್ತಿರೋದು ಅವನಿಗೆ ಗೊತ್ತಾ?" ಅಂದರು.

ಸಾಹೇಬರು ಕುರ್ಚಿ ಮುಂದಕ್ಕೆಳೆದುಕೊಂಡರು. "ಅದೇ ನೋಡಿ ಪ್ರಶ್ನೆ!"

ಸಂಜೆಯವರೆಗೂ ನಾಲ್ವರೂ ಕಿತ್ತಾಡಿದರು, ನಕ್ಕರು, ಮೇಜು ಗುದ್ದಿದರು. ನಾನು ಟೀ ಮಾಡಿದೆ, ಲೋಟ ತೊಳೆದೆ, ಮತ್ತೆ ಟೀ ಮಾಡಿದೆ. ಒಮ್ಮೆ ನಾನೂ ಬಾಯಿ ತೆರೆದೆ. "ಸಕ್ಕರೆ ಸ್ವಲ್ಪ ಕಮ್ಮಿ," ಅಂದರು ಸಾಹೇಬರು.

ಸೋಮವಾರ ಬುಲಾವ್ ಬಂತು. ಒಳಗೆ ಹೋದೆ. ಸಾಹೇಬರು ಗೋಣಿದಾರ ಬಿಗಿದು, ಗಂಟಿನ ಮೇಲೆ ಟೇಪು ಮೆತ್ತಿದ ದಪ್ಪ ಪೊಟ್ಟಣವೊಂದನ್ನು ನನ್ನ ಕಡೆ ತಳ್ಳಿದರು.

"ಎರಡನೇ ಸಂಪುಟ. ನಿಮ್ಮ ಅತ್ತೆಯವರ ಕೈಗೇ ಕೊಡಿ. ನೀವು ಬಿಚ್ಚಬೇಡಿ. ಮತ್ತೆ ಇವತ್ತಿಂದ ನೀವು ಬೇಗ ಮನೆಗೆ ಹೋಗ್ಬಹುದು."

ಬಡ್ತಿಗೆ ಇದು ಮೊದಲ ಮೆಟ್ಟಿಲೇ ಇರಬೇಕು ಅಂತ ಹಿಗ್ಗಿಹೋದೆ. "ನಿಮ್ಮ ದೊಡ್ಡ ಮನಸ್ಸು, ಸಾರ್!"

"ಮನಸ್ಸಲ್ಲ ಮಾರಾಯ್ರೇ," ಅಂದರು ಸಾಹೇಬರು. "ಅವರೆಲ್ಲ ಓದ್ತಿರ್ತಾರೆ. ಅಡುಗೆಗೆ ಯಾರಾದ್ರೂ ಬೇಕಲ್ಲ."