ಚೀಟಿ ತುಂಬಿದ ಪುಸ್ತಕಗಳು

ಬೆಳಿಗ್ಗೆ ಹತ್ತಕ್ಕೆ ಲೈಬ್ರರಿಯ ಬೀಗ ತೆಗೆದು ಒಳಗೆ ಕಾಲಿಟ್ಟ ಗ್ರಂಥಪಾಲಕನಿಗೆ ಬಾಗಿಲ ಸಂದಿಯಲ್ಲಿ ಒಂದು ಲಕೋಟೆ ಸಿಕ್ಕಿತು. ಕೇಂದ್ರ ಕಚೇರಿಯದು. ಹೊರಟು ಹದಿನೆಂಟು ದಿನವಾಗಿತ್ತು. ನಡೆದುಕೊಂಡು ಬಂದಿದ್ದರೂ ಇದಕ್ಕಿಂತ ಬೇಗ ತಲುಪಬಹುದಿತ್ತು. ನಿಂತಲ್ಲೇ ಒಡೆದು ಒಳಗಿದ್ದ ಸುತ್ತೋಲೆ ಓದಿದ. ಮೂರು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನು ಶಾಖೆಗಳಿಂದ ತೆಗೆದು ಕಾಗದದ ಕಾರ್ಖಾನೆಗೆ ಸಾಗಿಸುವುದು. ಮಿಕ್ಕ ಪುಸ್ತಕ ಇನ್ನೂರಕ್ಕಿಂತ ಕಡಿಮೆಯಾದರೆ ಶಾಖೆಯನ್ನೇ ಮುಚ್ಚುವುದು. ಈ ಶಾಖೆಯ ತಪಾಸಣೆ ಇವತ್ತು, ಸಂಜೆ ನಾಲ್ಕು ಗಂಟೆಗೆ.

ಶಾಖೆಯಲ್ಲಿದ್ದದ್ದು ನಾನೂರ ಹನ್ನೆರಡು ಪುಸ್ತಕ. ಮೂರು ವರ್ಷದಲ್ಲಿ ಹೊರಗೆ ಹೋದವು ಮೂವತ್ತೆಂಟು. ಅದರಲ್ಲಿ ಒಂದನ್ನು ಎದುರು ಅಂಗಡಿಯ ಟೈಲರಮ್ಮ ಒಯ್ದದ್ದು ಹೊಲಿಗೆ ಮಿಷನ್ನಿನ ಕುಂಟು ಕಾಲಿನ ಕೆಳಗಿಡಲು. ಉಳಿದಂತೆ ಲೈಬ್ರರಿಗೆ ಬರುತ್ತಿದ್ದವರು ಫ್ಯಾನಿನ ಕೆಳಗೆ ಕೂರುವವರು, ಇಲ್ಲವೇ ಗೋಡೆಯ ಒಂದೇ ಒಂದು ಪ್ಲಗ್ಗಿಗೆ ಫೋನು ಸಿಕ್ಕಿಸಿ ಅದರ ಪಕ್ಕ ಕಾವಲು ನಿಲ್ಲುವವರು.

ಹಾಗೆಂದು ಗ್ರಂಥಪಾಲಕ ಕೈಕಟ್ಟಿ ಕೂತವನಲ್ಲ. ಇಪ್ಪತ್ತೆರಡು ವರ್ಷದಿಂದ ಆ ಬೀದಿಯವರ ಬೆನ್ನು ಬಿದ್ದಿದ್ದ. ನಿದ್ದೆ ಬರುವುದಿಲ್ಲ ಎಂದವರಿಗೆ ಒಂದು ಪುಸ್ತಕ ಹೇಳುತ್ತಿದ್ದ, ಸೊಸೆ ಮಾತಾಡುವುದಿಲ್ಲ ಎಂದವರಿಗೆ ಇನ್ನೊಂದು. ‘ನೀವಿದನ್ನ ಓದಲೇಬೇಕು’ ಎನ್ನುವುದೇ ಅವನ ನಮಸ್ಕಾರವಾಗಿತ್ತು. ಅವನು ಎದುರಿಗೆ ಬಂದರೆ ಜನ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಆದರೂ ಆ ಕಪಾಟುಗಳ ನಡುವೆ ಅವನ ಆಯುಸ್ಸಿನ ಅರ್ಧ ಕಳೆದಿತ್ತು. ಅವು ಖಾಲಿಯಾಗುವುದನ್ನು ಯೋಚಿಸಿದರೆ ಅಳು ಬರುತ್ತಿತ್ತು.

ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದಾಗ ದಿನಪತ್ರಿಕೆ ಓದಲು ನಿವೃತ್ತ ಹೆಡ್ ಕ್ಲರ್ಕ್ ಬಂದರು. ವಿಷಯ ಕೇಳಿದ್ದೇ ಅವರ ಮುಖಕ್ಕೆ ಹತ್ತು ವರ್ಷದ ಹಿಂದಿನ ಕಳೆ ಬಂತು.

“ಇಷ್ಟಕ್ಕೆ ಅಳ್ತಾರೇನಯ್ಯಾ? ಪುಸ್ತಕ ಹೋಗಿ ಬಂದಿದೆ ಅನ್ನೋದಕ್ಕೆ ಸಾಕ್ಷಿ ಏನು?”

“ಕೊನೇ ಪುಟದಲ್ಲಿ ಅಂಟಿಸಿರೋ ಚೀಟಿ, ಯಜಮಾನ್ರೇ. ಅದರ ಮೇಲೆ ಹೊಡೆಯೋ ತಾರೀಖಿನ ಮುದ್ರೆ.”

“ಮುದ್ರೆ ಯಾರ ಕೈಲಿದೆ?”

ಗ್ರಂಥಪಾಲಕ ತನ್ನ ಕೈ ನೋಡಿಕೊಂಡ. ಸರ್ವಿಸ್ಸಿನಲ್ಲಿ ಅವನು ಮಾಡಿದ್ದ ದೊಡ್ಡ ತಪ್ಪೆಂದರೆ ಒಂದು ದಿನ ಕಾಲು ಗಂಟೆ ಮುಂಚೆ ಬಾಗಿಲು ಹಾಕಿದ್ದು.

ಅಷ್ಟರಲ್ಲಿ ಸುದ್ದಿ ಬೀದಿಗೆ ಹೋಗಿತ್ತು. ಪಕ್ಕದ ಸೆಲೂನಿನವನು ಕತ್ತರಿ ಜೇಬಿಗಿಟ್ಟುಕೊಂಡೇ ಬಂದ. ಟೈಲರಮ್ಮ ಕೊರಳಿನ ಟೇಪಿನ ಸಮೇತ ಬಂದಳು. ಇಬ್ಬರೂ ಪುಸ್ತಕ ಓದುವವರಲ್ಲ. ಆದರೆ ಲೈಬ್ರರಿ ಹೋದರೆ ಆ ಜಾಗಕ್ಕೆ ಏನು ಬರುತ್ತದೋ ಎಂಬ ಭಯ ಇಬ್ಬರಿಗೂ ಇತ್ತು. ಹೆಡ್ ಕ್ಲರ್ಕ್ ಮನೆಗೆ ಹೋಗಿ ಇನ್ನೆರಡು ತಾರೀಖಿನ ಮುದ್ರೆ ತಂದರು. ನಿವೃತ್ತರಾಗುವಾಗ ಕಚೇರಿಗೆ ವಾಪಸು ಕೊಡಲು ಮರೆತಿದ್ದರಂತೆ.

“ಒಂದೊಂದಕ್ಕೆ ಮೂರು ಮುದ್ರೆ ಸಾಕು,” ಎಂದ ಗ್ರಂಥಪಾಲಕ.

“ಮೂರು ಹೊಡೆದರೆ ಮೂರೂ ಸುಳ್ಳು ಅಂತ ಮಗುಗೂ ಗೊತ್ತಾಗುತ್ತೆ,” ಎಂದರು ಹೆಡ್ ಕ್ಲರ್ಕ್. “ಚೀಟಿಲಿ ನಲವತ್ತು ಮನೆ ಇವೆ. ನಲವತ್ತೂ ತುಂಬಿಸು. ಪೂರ್ತಿ ತುಂಬಿದ ಕಾಗದನ ಅಧಿಕಾರಿ ಓದಿದ್ದು ನನ್ನ ಮೂವತ್ನಾಲ್ಕು ವರ್ಷದ ಸರ್ವಿಸ್‌ನಲ್ಲಿ ನಾನು ನೋಡಿಲ್ಲ.”

ಅನುಭವಸ್ಥರ ಮಾತು. ಗ್ರಂಥಪಾಲಕ ತಲೆಯಾಡಿಸಿದ.

ಕೆಲಸ ಶುರುವಾಯಿತು. ಗ್ರಂಥಪಾಲಕ ಪುಸ್ತಕ ಇಳಿಸುವುದು, ಮೂವರು ಟಪಟಪ ಹೊಡೆಯುವುದು. ಟೈಲರಮ್ಮನಿಗೆ ಒಂದು ಮನೆ ಖಾಲಿ ಬಿಟ್ಟರೂ ಗುಂಡಿಯಿಲ್ಲದ ಅಂಗಿ ಕೊಟ್ಟಷ್ಟು ಸಂಕಟ. ಅಂಚಿಗೆ ಅಂಚು ಕೂಡಿಸಿ ಹೊಡೆಯುತ್ತಿದ್ದಳು. ಹೆಡ್ ಕ್ಲರ್ಕರ ಒಂದು ಮುದ್ರೆಯಲ್ಲಿ ವರ್ಷದ ಚಕ್ರ ತುಕ್ಕು ಹಿಡಿದು ಅವರು ನಿವೃತ್ತರಾದ ವರ್ಷಕ್ಕೇ ನಿಂತುಬಿಟ್ಟಿತ್ತು. ಹೀಗಾಗಿ ನಾಲ್ಕು ವರ್ಷದ ಹಿಂದೆ ಅಚ್ಚಾದ ಪುಸ್ತಕವನ್ನು ಹತ್ತು ವರ್ಷದ ಹಿಂದೆಯೇ ಯಾರೋ ಓದಿ ಮುಗಿಸಿದ್ದರು. ಸೆಲೂನಿನವನು ಭಾನುವಾರ, ರಜಾದಿನ ಒಂದನ್ನೂ ಬಿಡಲಿಲ್ಲ. ಅವನು ಹೊಡೆದ ಒಂದು ಪುಸ್ತಕ ಬರುವ ವರ್ಷವೂ ಹನ್ನೊಂದು ಸಲ ಹೋಗಿ ಬಂದಿತ್ತು.

“ತಾರೀಖು ನೋಡ್ಕೊಂಡು ಹೊಡಿಯಪ್ಪ,” ಎಂದು ಗ್ರಂಥಪಾಲಕ ಬೇಡಿಕೊಂಡ.

“ತಾರೀಖು ನೋಡ್ತಾ ಕೂತ್ರೆ ನಾಲ್ಕು ಗಂಟೆಗೆ ಮುಗಿಯುತ್ತಾ ಸಾರ್?”

ಹನ್ನೆರಡರ ಹೊತ್ತಿಗೆ ಶಾಯಿ ಮುಗಿಯಿತು. ಸೆಲೂನಿನವನು ಓಡಿಹೋಗಿ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಬಟ್ಟಲು ತಂದ. ಮುದ್ರೆ ಇನ್ನೂ ಚೆನ್ನಾಗಿ ಮೂಡತೊಡಗಿತು. ಲೈಬ್ರರಿಯೆಲ್ಲ ಸೆಲೂನಿನ ವಾಸನೆ ಹೊಡೆಯಿತು, ನಾಲ್ವರ ಕೈಗಳೂ ಮಸಿಯಾದವು. ಮೂಗು ತುರಿಸಿಕೊಂಡ ಹೆಡ್ ಕ್ಲರ್ಕರಿಗೆ ಎಷ್ಟೋ ವರ್ಷದ ಮೇಲೆ ಕಪ್ಪು ಮೀಸೆ ಬಂತು.

ಎರಡು ಗಂಟೆಗೆ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಕೈಯಲ್ಲಿ ಚೀಲ, ಕಾಲಲ್ಲಿ ದೂರ ನಡೆದ ಧೂಳು.

“ಇಲ್ಲಿ ಪುಸ್ತಕ ಕೊಡ್ತಾರೆ ಅಂದ್ರು. ನಮ್ಮ ಯಜಮಾನ್ರು ಹಾಸಿಗೆ ಹಿಡಿದಿದಾರೆ. ಯಾರಾದ್ರೂ ಓದಿ ಹೇಳಿದ್ರೆ ಸ್ವಲ್ಪ ಸಮಾಧಾನ ಆಗ್ತಾರೆ.”

“ಇವತ್ತು ಆಗಲ್ಲ ಕಣಮ್ಮ,” ಎಂದರು ಹೆಡ್ ಕ್ಲರ್ಕ್ ತಲೆಯೆತ್ತದೆ. “ಲೈಬ್ರರಿ ಉಳಿಸೋ ಕೆಲಸದಲ್ಲಿದೀವಿ. ನಾಳೆ ಬಾ.”

ಗ್ರಂಥಪಾಲಕ ಏಣಿಯ ಮೇಲಿದ್ದ, ಎರಡು ಕೈ ತುಂಬ ಪುಸ್ತಕ. ಅವನು ಇಳಿಯುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಅವನಿಗೆ ನಾಚಿಕೆಯಾಯಿತು. ಹಿಂದೆ ಓಡಬೇಕೆನ್ನಿಸಿತು, ಆದರೆ ಇನ್ನೂ ನೂರು ಪುಸ್ತಕ ಬಾಕಿಯಿದ್ದವು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕೊನೆಯ ಪುಸ್ತಕ ಕಪಾಟು ಸೇರಿತು. ನಾಲ್ಕಕ್ಕೆ ಸರಿಯಾಗಿ ಲಾರಿಯೊಂದು ಬಂದು ನಿಂತಿತು. ಅದರ ಹಿಂದಿನ ಜೀಪಿನಿಂದ ತಪಾಸಣೆಯ ಅಧಿಕಾರಿ ಇಳಿದಳು. ಚಿಕ್ಕ ವಯಸ್ಸು, ಮೆತ್ತಗಿನ ಮಾತು. ಒಂದು ಪುಸ್ತಕ ತೆಗೆದಳು, ಕೊನೆಯ ಪುಟ ತಿರುಗಿಸಿದಳು, ಮೇಜಿನ ಮೇಲಿಟ್ಟಳು. ಇನ್ನೊಂದು ತೆಗೆದಳು. ತಾರೀಖುಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಹೆಡ್ ಕ್ಲರ್ಕ್ ‘ನಾನು ಹೇಳಲಿಲ್ವಾ’ ಎಂಬಂತೆ ಗ್ರಂಥಪಾಲಕನ ಪಕ್ಕೆ ತಿವಿದರು.

ಒಂದು ಗಂಟೆಯ ಮೇಲೆ ಅವಳು ಪೆನ್ನು ಮುಚ್ಚಿ, “ನಾನು ನೋಡಿದ ಎಲ್ಲಾ ಶಾಖೆಗಳಲ್ಲಿ ಇಷ್ಟು ಓದಿರೋ ಜನ ಇರೋದು ಇಲ್ಲಿ ಮಾತ್ರ. ನಿಮ್ಮನ್ನ ಮೆಚ್ಚಬೇಕು,” ಎಂದಳು.

ಗ್ರಂಥಪಾಲಕನ ಕಣ್ಣು ತುಂಬಿ ಬಂತು. ಅವಳು ಬಾಗಿಲ ಕಡೆ ತಿರುಗಿ ಕೂಲಿಯವರನ್ನು ಕರೆದಳು. “ಮೇಜಿನ ಮೇಲಿರೋದೆಲ್ಲ ಲಾರಿಗೆ ಹಾಕಿ.”

“ಮೇಡಂ, ಅವು ಓದಿರೋ ಪುಸ್ತಕಗಳು.”

“ಅದಕ್ಕೇ. ಚೀಟಿ ತುಂಬಿದ ಪುಸ್ತಕ ಸವೆದ ಪುಸ್ತಕ. ವಿಲೇವಾರಿ ಮಾಡಬೇಕು. ಸುತ್ತೋಲೆಯ ಹಿಂದಿನ ಪುಟದಲ್ಲಿದೆ. ನೋಡಿಲ್ವಾ?”

ಗ್ರಂಥಪಾಲಕ ಜೇಬಿನಿಂದ ಸುತ್ತೋಲೆ ತೆಗೆದು ಮೊದಲ ಸಲ ಮಗುಚಿದ. ಹಿಂದೆಯೂ ಅಚ್ಚಾಗಿತ್ತು.

“ಹಾಳೆ ಮಡಿಕೆ ಕೂಡ ಬಿಟ್ಟಿಲ್ಲ ಮೇಡಂ. ನೋಡಿ, ಹೊಸದಾಗಿವೆ.”

“ನಾನು ಹಾಳೆ ನೋಡೋಕೆ ಬಂದಿಲ್ಲ, ಚೀಟಿ ನೋಡೋಕೆ ಬಂದಿದೀನಿ.”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅವನು ಕಪ್ಪು ಕೈಗಳನ್ನು ಮುಂದೆ ಚಾಚಿದ. “ಮೇಡಂ, ಇವನ್ನ ಯಾರೂ ಓದಿಲ್ಲ. ಒಬ್ಬರೂ ಮುಟ್ಟಿಲ್ಲ. ಮುದ್ರೆ ಎಲ್ಲಾ ಬೆಳಗ್ಗಿಂದ ನಾವೇ ಹೊಡೆದಿದ್ದು.”

“ಹೌದಾ?” ಅವಳು ಅವನ ಕೈಯಲ್ಲಿದ್ದ ಸುತ್ತೋಲೆಯನ್ನು ಮತ್ತೆ ಮೊದಲಿನ ಬದಿಗೆ ತಿರುಗಿಸಿದಳು. “ಹಾಗಾದ್ರೆ ಇದಕ್ಕೆ ಬರುತ್ತೆ. ಲಾರಿ ಎರಡಕ್ಕೂ ಒಂದೇ.”

“ಓದಿದ್ರೂ ಹೋಗುತ್ತೆ, ಓದದೇ ಇದ್ರೂ ಹೋಗುತ್ತೆ. ಮತ್ತೆ ಉಳಿಯೋದು ಯಾವುದು?”

“ಮೂರು ಮುದ್ರೆ ಇದ್ರೂ ಉಳೀತಿತ್ತು,” ಎಂದಳು ಅವಳು, ನಿಜವಾದ ಮರುಕದಿಂದ.

ಗ್ರಂಥಪಾಲಕ ತಿರುಗಿ ನೋಡಿದ. ಹೆಡ್ ಕ್ಲರ್ಕ್ ಆಗಲೇ ತಮ್ಮ ಎರಡು ಮುದ್ರೆಗಳೊಂದಿಗೆ ಮನೆಯ ದಾರಿ ಹಿಡಿದಿದ್ದರು.

ಉಳಿದ ಮೂವತ್ತೇಳನ್ನು ಕೇಂದ್ರ ಕಚೇರಿಗೆಂದು ಜೀಪಿಗೆ ತುಂಬಿದರು. ಟೈಲರಮ್ಮ ಮಿಷನ್ನಿನ ಕಾಲಿಗೆ ಇಟ್ಟಿಗೆ ಕೊಟ್ಟು ಮೂವತ್ತೆಂಟನೆಯದಾಗಿ ತನ್ನ ಪುಸ್ತಕ ತಂದು ಒಪ್ಪಿಸಿದಳು. ಲಾರಿ ಹೊರಟಿತು. ನಾಳೆಯಿಂದ ಕೇಂದ್ರ ಕಚೇರಿಯ ಗೋಡೌನಿನಲ್ಲಿ ಹಾಜರಾಗಬೇಕೆಂಬ ಚೀಟಿ ಗ್ರಂಥಪಾಲಕನ ಕೈಯಲ್ಲಿತ್ತು. ಖಾಲಿ ಕಪಾಟುಗಳ ನಡುವೆ ಸೆಲೂನಿನವನೊಬ್ಬನೇ ಹೋಗದೆ ನಿಂತಿದ್ದ.

“ಸಾರ್, ಒಂದು ಮಾತು. ಮಧ್ಯಾಹ್ನ ಕೈ ನೋವು ಬಂತು ಅಂತ ಒಂದು ಪುಸ್ತಕ ತೆಗೆದು ಕೂತೆ. ಕೆಂಪು ರಟ್ಟಿಂದು. ದೋಣಿ ನಡೆಸೋ ಅಣ್ಣ, ಅವನ ತಂಗಿ. ಮೂವತ್ತು ಪುಟ ಓದೋ ಹೊತ್ತಿಗೆ ಕ್ಲರ್ಕ್ ಯಜಮಾನ್ರು ಬೈದ್ರು, ಇಟ್ಟುಬಿಟ್ಟೆ. ಈಗ ಅದೇ ತಲೇಲಿ ಕೊರೀತಿದೆ. ಕೊನೆಗೆ ಏನಾಗುತ್ತೆ ಸಾರ್?”

ಆ ಪುಸ್ತಕ ಗ್ರಂಥಪಾಲಕನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಬೀದಿಗೆ ಅದನ್ನೇ ಹೇಳಿದ್ದ. ಹಿಂದಿನ ರಟ್ಟಿನ ನಾಲ್ಕು ಸಾಲು ಬಾಯಿಪಾಠವಾಗಿತ್ತು.

“ಅಣ್ಣ ತಂಗಿ ಎಲ್ಲಾ ಮರೆತು ಒಂದಾಗ್ತಾರೆ ಕಣಪ್ಪ. ಕರುಳು ಹಿಂಡೋ ಕತೆ.”

ಸೆಲೂನಿನವನು ಅವನ ಮುಖ ನೋಡಿದ.

“ತಂಗಿ ಹನ್ನೆರಡನೇ ಪುಟದಲ್ಲೇ ಸತ್ತುಹೋಗ್ತಾಳಲ್ಲ ಸಾರ್.”

ಹೊರಗೆ ಲಾರಿಯ ಸದ್ದು ತಿರುವಿನಲ್ಲಿ ಸಣ್ಣದಾಗಿ ನಿಂತುಹೋಯಿತು. ಗ್ರಂಥಪಾಲಕ ಖಾಲಿ ಕಪಾಟಿನ ಧೂಳನ್ನು ಅಂಗೈಯಿಂದ ಒರೆಸಿದ.

“ಓದಬೇಕು ಅಂತ ಇದ್ದೆ ಕಣಪ್ಪ,” ಎಂದ. “ರಿಟೈರ್ ಆದ್ಮೇಲೆ ಎಲ್ಲಾನೂ ಓದಬೇಕು ಅಂತ ಇದ್ದೆ.”